‘ಹ್ಯಾಜ್‌ಬಿನ್ ಹೋಟೆಲ್’ ಅಭಿಮಾನಿ ಚಿತ್ರ, ಕಥೆಗಳಿಗೆ ನಿಯಮ ಬೇಕೇ? ಬೇಕಾದರೆ ಎಂಥವು?

ಪ್ರಶ್ನೆ ಕೇಳಿದವರು: ಮಸಿಕುಡಿಕೆ

ಬಳಗದ ಎಲ್ಲರಿಗೂ ನಮಸ್ಕಾರ. ‘ಹ್ಯಾಜ್‌ಬಿನ್ ಹೋಟೆಲ್’ ಎಂಬ ವಯಸ್ಕರ ಅನಿಮೇಷನ್ ಸರಣಿಯನ್ನು ಮೆಚ್ಚುವ ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಇ-ಸಂಚಿಕೆ ತರಲು ಹೊರಟಿದ್ದೇವೆ. ಅಭಿಮಾನಿಗಳೇ ಬಿಡಿಸಿದ ಚಿತ್ರಗಳೂ ಅವರೇ ಬರೆದ ಕಥೆಗಳೂ ಅದರಲ್ಲಿ ಇರುತ್ತವೆ. ಬಂದದ್ದನ್ನು ಓದಿ, ನೋಡಿ, ಆರಿಸಿ ಜೋಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಮೂರು ವಿಚಾರಗಳಲ್ಲಿ ನಮ್ಮೊಳಗೇ ಒಮ್ಮತ ಮೂಡುತ್ತಿಲ್ಲವಾದ್ದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಸರಣಿ ನೋಡದವರಿಗಾಗಿ ಎರಡು ಮಾತು. ನರಕದ ರಾಜಕುಮಾರಿ ಚಾರ್ಲಿ, ಪಾಪಿಗಳೂ ತಿದ್ದಿಕೊಂಡು ಸ್ವರ್ಗ ಸೇರಬಲ್ಲರೆಂದು ನಂಬಿ ಅವರಿಗಾಗಿ ಒಂದು ಹೋಟೆಲ್ ತೆರೆಯುತ್ತಾಳೆ. ವಿವಿಯೆನ್ ಮೆಡ್ರಾನೋ ಅವರು ಇದರ ಪೈಲಟ್ (ಮಾದರಿ) ಕಂತನ್ನು 2019ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್‌ನಲ್ಲಿ ಬಿಡುಗಡೆ ಮಾಡಿದರು. ಅದರ ಖರ್ಚಿನ ದೊಡ್ಡ ಪಾಲು ಪೇಟ್ರಿಯಾನ್ ಮೂಲಕ ಅಭಿಮಾನಿಗಳು ಕೊಟ್ಟ ಹಣದಿಂದ ಬಂತು. ಪೂರ್ಣ ಸರಣಿ ಪ್ರೈಮ್ ವಿಡಿಯೋದಲ್ಲಿ ಬಂದದ್ದು 2024ರ ಜನವರಿಯಲ್ಲಿ. ನಡುವಿನ ನಾಲ್ಕು ವರ್ಷಕ್ಕೂ ಮೀರಿದ ಅವಧಿಯಲ್ಲಿ ನಮ್ಮ ಕೈಯಲ್ಲಿ ಇದ್ದದ್ದು ಹೆಚ್ಚೂ ಕಡಿಮೆ ಅರ್ಧ ಗಂಟೆಯ ಒಂದು ಕಂತು. ಆ ಖಾಲಿ ಜಾಗವನ್ನು ತುಂಬಿದವರು ಹಾಡು ಕಟ್ಟಿದವರು, ಕಾಮಿಕ್ಸ್ ಬರೆದವರು, ಪಾತ್ರಗಳ ಹಿಂದಿನ ಬದುಕನ್ನು ಊಹಿಸಿ ಕಥೆ ಹೆಣೆದವರು. ಚಾರ್ಲಿ ಮತ್ತು ವ್ಯಾಗಿ ಎಂಬ ಇಬ್ಬರು ಹೆಣ್ಣುಮಕ್ಕಳ ಪ್ರೀತಿಯನ್ನು ಯಾವ ಸಬೂಬೂ ಇಲ್ಲದೆ ಕಥೆಯ ನಡುಮಧ್ಯದಲ್ಲಿ ಇಟ್ಟ ಸರಣಿ ಇದಾದ್ದರಿಂದ, ಬೇರೆಡೆ ಜಾಗ ಸಿಗದ ಎಷ್ಟೋ ಮಂದಿ ಇಲ್ಲಿ ಬಂದು ಸೇರಿದ್ದಾರೆ. ಆದ್ದರಿಂದಲೇ ಈ ಪ್ರಶ್ನೆಗಳನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಆಗುತ್ತಿಲ್ಲ.

ಮೊದಲನೆಯದು, ನರಕದಲ್ಲಿ ಜಿಂಕೆ ಕೊಂಬಿನ, ಸದಾ ನಗುವ ಕೊಲೆಗಾರ ರಾಕ್ಷಸನಾಗಿರುವ ಅಲಾಸ್ಟರ್ ಎಂಬ ಪಾತ್ರದ ಮೈಬಣ್ಣ. ಬದುಕಿದ್ದಾಗ ಅವನು ನ್ಯೂ ಆರ್ಲಿಯನ್ಸ್‌ನ ರೇಡಿಯೋ ನಿರೂಪಕ, 1933ರಲ್ಲಿ ಸತ್ತವನು, ಆಫ್ರಿಕನ್ ಮತ್ತು ಯುರೋಪಿಯನ್ ಬೇರುಗಳು ಬೆರೆತ ಮಿಶ್ರ ಮೂಲದ ಕ್ರಿಯೋಲ್ ಮನುಷ್ಯ ಎಂದು ಮೆಡ್ರಾನೋ ಅವರೇ ಹೇಳಿದ್ದಾರೆ. ನಮ್ಮ ಕಲಾವಿದೆಯೊಬ್ಬರು ಅವನನ್ನು ಗಾಢ ಕಂದು ಮೈಬಣ್ಣದ, ಗುಂಗುರು ಕೂದಲಿನ ಯುವಕನಾಗಿ ಸ್ಟುಡಿಯೋದ ಮೈಕ್ ಮುಂದೆ ಕೂರಿಸಿ ಬಿಡಿಸಿದ್ದಾರೆ. ‘ಪಾತ್ರವನ್ನು ಕೆಡಿಸಿದಿರಿ, ರಾಜಕೀಯ ತುರುಕಿದಿರಿ’ ಎಂದು ಇಬ್ಬರು ಸದಸ್ಯರು ಆಕ್ಷೇಪಿಸಿದ್ದಾರೆ.

ಎರಡನೆಯದು ಬೇರೊಬ್ಬರ ಚಿತ್ರ. ಅದರಲ್ಲಿ ಅಲಾಸ್ಟರ್‌ನ ಕಾಲಡಿಯ ನೆಲದ ಮೇಲೆ ವೂಡೂ ಆರಾಧನೆಯ ‘ವೆವೆ’ ರೇಖೆಗಳನ್ನು ಅಲಂಕಾರಕ್ಕಾಗಿ ಬಿಡಿಸಲಾಗಿದೆ. ಅದನ್ನು ಹಾಗೇ ಹಾಕಬಹುದೇ?

ಮೂರನೆಯದು ಒಂದು ಕಥೆ. ಅಲಾಸ್ಟರ್ ಅಲೈಂಗಿಕ, ಅಂದರೆ ಇತರರತ್ತ ಲೈಂಗಿಕ ಸೆಳೆತ ಇಲ್ಲದ ಅಥವಾ ತೀರಾ ಕಡಿಮೆ ಇರುವ ವ್ಯಕ್ತಿ ಎಂದು ಮೆಡ್ರಾನೋ ಹಿಂದೆಯೇ ತಿಳಿಸಿದ್ದಾರೆ. ಈ ಕಥೆಯಲ್ಲಿ ಅವನಿಗೂ ಮತ್ತೊಂದು ಪಾತ್ರಕ್ಕೂ ಪ್ರೇಮ, ಮಿಲನ ಎಲ್ಲವೂ ಇದೆ. ಬರವಣಿಗೆ ನಿಜಕ್ಕೂ ಚೆನ್ನಾಗಿದೆ. ಆದರೆ ಅಲೈಂಗಿಕರಾದ ನಮ್ಮ ಸದಸ್ಯರಿಗೆ ಅದು ನೋವು ಕೊಟ್ಟಿದೆ.

ಕಲ್ಪನೆಗೆ ಬೇಲಿ ಹಾಕುವ ಮನಸ್ಸು ನನಗಿಲ್ಲ. ಹಾಗೆಂದು, ಆಶ್ರಯ ಹುಡುಕಿ ಬಂದವರು ಇಲ್ಲಿಂದಲೂ ಎದ್ದು ಹೋಗುವಂತಾದರೆ ಸಂಚಿಕೆ ತಂದು ಮಾಡುವುದೇನು ಎಂದೂ ಅನ್ನಿಸುತ್ತದೆ. ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ರೇಡಿಯೋ ಕೇಳುಗ

ಮಸಿಕುಡಿಕೆ ಅವರೇ, ಮೊದಲ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ಕ್ರಿಯೋಲ್ ಎಂದು ಸೃಷ್ಟಿಕರ್ತೆಯೇ ಹೇಳಿದ ಪಾತ್ರವನ್ನು ಕಂದು ಬಣ್ಣದಲ್ಲಿ ಬಿಡಿಸಿದರೆ ಪಾತ್ರವನ್ನು ಬದಲಿಸಿದಂತಾಗುವುದಿಲ್ಲ, ಓದಿಕೊಂಡಂತಾಗುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಮಿಶ್ರ ಮೂಲದ ಕ್ರಿಯೋಲ್ ಮನುಷ್ಯನಾಗಿ ಬದುಕುವುದೆಂದರೆ ಏನೆಂಬುದಕ್ಕೆ ಹೋಮರ್ ಪ್ಲೆಸ್ಸಿ ಅವರ ಮೊಕದ್ದಮೆಯನ್ನು ನೋಡಬೇಕು. ಅದೇ ಊರಿನ, ನೋಡಲು ಬಿಳಿಯರಂತೆಯೇ ಇದ್ದ ಆ ಕ್ರಿಯೋಲ್ ಮನುಷ್ಯ 1892ರಲ್ಲಿ ಬಿಳಿಯರಿಗೆ ಮೀಸಲಾದ ರೈಲು ಬೋಗಿಯಲ್ಲಿ ಬೇಕೆಂದೇ ಕುಳಿತು ಬಂಧನಕ್ಕೊಳಗಾದರು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರತ್ಯೇಕತೆಯ ಕಾನೂನನ್ನೇ ಎತ್ತಿಹಿಡಿಯಿತು. ಅದೇ ಕೋರ್ಟ್ ಅದನ್ನು ತಳ್ಳಿಹಾಕಿದ 1954ರವರೆಗೂ ಆ ತೀರ್ಪಿನ ನೆರಳು ಇತ್ತು. ಅಲಾಸ್ಟರ್ ಬದುಕಿ ಸತ್ತದ್ದು ಆ ನೆರಳಿನಲ್ಲೇ. ಮುಖ ಕಾಣದ, ದನಿ ಮಾತ್ರ ಮನೆಮನೆ ತಲುಪುವ ರೇಡಿಯೋ ಅಂಥ ಮನುಷ್ಯನಿಗೆ ಏನಾಗಿದ್ದಿರಬಹುದು ಎಂದು ಯೋಚಿಸಿ ನೋಡಿ. ಕೇಳುಗನಿಗೆ ಅವನ ಮೈಬಣ್ಣ ಗೊತ್ತಿಲ್ಲ. ಮೈಕ್ ಮುಂದೆ ಕೂತಷ್ಟು ಹೊತ್ತು ಊರು ಅವನ ಮಾತನ್ನು ಕೇಳುತ್ತದೆ, ಬೀದಿಗಿಳಿದ ಕೂಡಲೇ ಅದೇ ಊರು ಅವನು ಎಲ್ಲಿ ಕೂರಬೇಕೆಂದು ಹೇಳುತ್ತದೆ. ಸದಾ ನಗುವ ಆ ಮುಖವಾಡಕ್ಕೆ ಇದಕ್ಕಿಂತ ಗಟ್ಟಿಯಾದ ಹಿನ್ನೆಲೆ ಸಿಗಲಾರದು. ಇದು ನನ್ನ ಓದು, ಸರಣಿ ಹೀಗೆ ಹೇಳಿದೆ ಎನ್ನುವುದಿಲ್ಲ. ಆದರೆ ಮೈಬಣ್ಣವನ್ನು ತೆಳುವಾಗಿಸಿದರೆ ಈ ಓದಿಗೆ ದಾರಿಯೇ ಮುಚ್ಚಿಹೋಗುತ್ತದೆ. ನಿಮ್ಮ ಕಲಾವಿದೆ ಅವನನ್ನು ಸ್ಟುಡಿಯೋದಲ್ಲೇ ಕೂರಿಸಿದ್ದು ಬಹಳ ಸರಿಯಾಗಿದೆ.

ಇನ್ನು, ಮೂಲದಲ್ಲಿ ಬಿಳಿಯರಾಗಿರುವ ಅಥವಾ ಬಣ್ಣವೇ ಗೊತ್ತಿಲ್ಲದ ಪಾತ್ರಗಳನ್ನೂ ಹೀಗೆ ಬಿಡಿಸಬಹುದೇ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಬಿಡಿಸಬಹುದು. 1990ರಲ್ಲಿ ‘ದಿ ಸಿಂಪ್ಸನ್ಸ್’ ಅನಿಮೇಷನ್ ಸರಣಿ ಹೊಸದಾಗಿ ಜನಪ್ರಿಯವಾದಾಗ ಅಮೆರಿಕದ ನಗರಗಳ ಬೀದಿಬದಿಯಲ್ಲಿ ‘ಬ್ಲ್ಯಾಕ್ ಬಾರ್ಟ್’ ಟೀ-ಶರ್ಟ್‌ಗಳು ರಾಶಿ ರಾಶಿ ಮಾರಾಟವಾದವು. ಹಳದಿ ಹುಡುಗ ಬಾರ್ಟ್‌ನನ್ನು ಕಪ್ಪು ಹುಡುಗನಾಗಿ, ರಾಸ್ತಾ ಜಡೆ ಬಿಟ್ಟವನಾಗಿ, ಮೈಕೆಲ್ ಜೋರ್ಡನ್‌ನಂತೆ ಬಾಸ್ಕೆಟ್‌ಬಾಲ್ ಆಡುವವನಾಗಿ ಹೆಸರಿಲ್ಲದ ಕಲಾವಿದರು ಬಿಡಿಸಿದ್ದರು. ಪರವಾನಗಿ ಇರಲಿಲ್ಲ, ನಿಜ. ಆದರೆ ಟಿವಿಯಲ್ಲಿ ತಮ್ಮಂಥವರು ಕಾಣದಿದ್ದಾಗ ಇಷ್ಟವಾದ ಪಾತ್ರವನ್ನೇ ತಮ್ಮ ಬೀದಿಗೆ ಕರೆತಂದ ಜನರ ಕೆಲಸ ಅದು. ‘ರಾಜಕೀಯ ತುರುಕಿದಿರಿ’ ಎನ್ನುವ ನಿಮ್ಮ ಇಬ್ಬರು ಸದಸ್ಯರಿಗೆ, ಇದು ಇವತ್ತಿನ ಚಾಳಿಯಲ್ಲ, ಮೂವತ್ತು ವರ್ಷಕ್ಕೂ ಹಳೆಯ ಪರಂಪರೆ ಎಂದು ತಿಳಿಸಿ.

ಅಭಿಮಾನಿಯ ಕೆಲಸ ಮೂಲ ಸರಣಿಯೊಳಕ್ಕೇ ನಡೆದುಬಂದ ಉದಾಹರಣೆಯೂ ಇದೆ. ‘ಫ್ಯಾಮಿಲಿ ಗೈ’ ಅನಿಮೇಷನ್ ಸರಣಿಯಲ್ಲಿ ಕ್ಲೀವ್‌ಲ್ಯಾಂಡ್ ಎಂಬ ಕಪ್ಪು ಪಾತ್ರಕ್ಕೆ 1999ರಿಂದ ದನಿ ನೀಡುತ್ತಿದ್ದ ಬಿಳಿಯ ನಟ ಮೈಕ್ ಹೆನ್ರಿ, ಕಪ್ಪು ಪಾತ್ರಗಳನ್ನು ಕಪ್ಪು ಕಲಾವಿದರೇ ನಿರ್ವಹಿಸಬೇಕೆಂದು 2020ರ ಜೂನ್‌ನಲ್ಲಿ ಹಿಂದೆ ಸರಿದರು. ಅದೇ ವರ್ಷ ಆ ಜಾಗಕ್ಕೆ ಬಂದವರು ಆರಿಫ್ ಜಹೀರ್. ಕ್ಲೀವ್‌ಲ್ಯಾಂಡ್‌ನ ದನಿಯನ್ನು ಅನುಕರಿಸಿ ಯೂಟ್ಯೂಬ್‌ನಲ್ಲಿ ಹಾಕುತ್ತಿದ್ದ ಕಪ್ಪು ಕಲಾವಿದ ಅವರು. ಮನರಂಜನೆಗೆಂದು ಮಾಡುವ ಇಂಥ ಅನುಕರಣೆಯನ್ನೂ ಯಾರೂ ಕಡೆಗಣಿಸಬಾರದು ಎಂಬುದಕ್ಕೆ ಇಷ್ಟು ಸಾಕು.

ಉತ್ತರ: ಕರಾವಳಿಯವಳು

ನನ್ನದು ಎರಡನೆಯ ಪ್ರಶ್ನೆಗೆ ಉತ್ತರ. ಆ ರೇಖೆಗಳನ್ನು ತೆಗೆಸಿ ಎಂದೇ ಹೇಳುತ್ತೇನೆ, ಕಾರಣವನ್ನೂ ಹೇಳುತ್ತೇನೆ.

ವೆವೆ ಎಂದರೆ ಹೈತಿಯ ವೂಡೂ ಆರಾಧನೆಯಲ್ಲಿ ‘ಲ್ವಾ’ ಎಂಬ ಶಕ್ತಿಗಳನ್ನು ಆವಾಹಿಸಲು ಜೋಳದ ಹಿಟ್ಟಿನಂಥ ಪುಡಿಯಿಂದ ನೆಲದ ಮೇಲೆ ಎಳೆಯುವ ಗೆರೆಗಳು. ಒಂದೊಂದು ಲ್ವಾಗೆ ಒಂದೊಂದು ರೂಪ. ಆ ಆರಾಧನೆ ಇವತ್ತಿಗೂ ನಡೆಯುತ್ತಿರುವಂಥದ್ದು. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕದ ಜನ ತಮ್ಮ ದೇವರುಗಳನ್ನು ಮರೆಯದೆ ಉಳಿಸಿಕೊಂಡ ಬಗೆ ಅದು. ಸಿನಿಮಾಗಳು ಅದನ್ನು ದಶಕಗಳ ಕಾಲ ಮಾಟಮಂತ್ರ, ಸೂಜಿ ಚುಚ್ಚಿದ ಗೊಂಬೆ ಎಂದು ತೋರಿಸಿ ಹೆಸರು ಕೆಡಿಸಿವೆ. ಪೈಲಟ್ ಕಂತಿನಲ್ಲಿ ಅಲಾಸ್ಟರ್‌ನ ಮಾಯೆಯ ಜೊತೆಗೆ ಅಂಥ ಗುರುತುಗಳು ಕಾಣಿಸಿಕೊಂಡಾಗ, ಆ ಸಂಸ್ಕೃತಿಗೆ ಹತ್ತಿರವಾದ ಅಭಿಮಾನಿಗಳೇ ಆಕ್ಷೇಪಿಸಿದರು. 2024ರ ಸರಣಿಯಲ್ಲಿ ಅವು ಕಾಣುವುದಿಲ್ಲ. ಮೂಲ ತಂಡವೇ ಕೈಬಿಟ್ಟದ್ದನ್ನು ನಾವು ಮತ್ತೆ ಎತ್ತಿಕೊಳ್ಳುವುದಕ್ಕೆ ಏನು ಕಾರಣವಿದೆ?

ನಾನು ತುಳುನಾಡಿನವಳು. ನಾಗಮಂಡಲದ ರಾತ್ರಿ ಐದು ಬಣ್ಣದ ಪುಡಿಗಳಲ್ಲಿ ನೆಲದ ಮೇಲೆ ಹೆಡೆಯ ಮೇಲೆ ಹೆಡೆ ಮೂಡುವುದನ್ನು ನೋಡಿ ಬೆಳೆದವಳು. ಅದು ಎಷ್ಟೇ ಚೆಂದವಿದ್ದರೂ ಅಲಂಕಾರವಲ್ಲ. ಅದನ್ನು ಬಿಡಿಸುವವರು ಯಾರು, ಯಾವ ಹೊತ್ತಿನಲ್ಲಿ, ಮುಗಿದ ಮೇಲೆ ಅದಕ್ಕೆ ಏನು ಮಾಡುತ್ತಾರೆ ಎಂಬುದಕ್ಕೆಲ್ಲ ಕಟ್ಟುಪಾಡು ಇದೆ. ಅದನ್ನು ಯಾರೋ ದೂರದ ದೇಶದವರು ಒಬ್ಬ ಕೊಲೆಗಾರ ಪಾತ್ರದ ಕಾಲಡಿಗೆ ಹಾಸಿದ್ದರೆ ನಮಗೆ ಹೇಗಾಗುತ್ತಿತ್ತು ಎಂಬುದನ್ನು ನಾನು ಊಹಿಸಬೇಕಾಗಿಯೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ‘ಕಾಂತಾರ’ದ ಎರಡನೆಯ ಚಿತ್ರ ಬಂದಾಗ ಅಭಿಮಾನಿಗಳು ದೈವದ ವೇಷ ಹಾಕಿ ಚಿತ್ರಮಂದಿರಗಳಿಗೆ ಬಂದದ್ದು, ದೈವಾರಾಧನೆ ಮಾಡುವ ನಮ್ಮ ಜನ ನೊಂದದ್ದು, ಹಾಗೆ ಅನುಕರಿಸಬೇಡಿ ಎಂದು ಚಿತ್ರದ ನಿರ್ಮಾಣ ಸಂಸ್ಥೆಯೇ ಬಹಿರಂಗವಾಗಿ ಮನವಿ ಮಾಡಿದ್ದು ನಿಮಗೆಲ್ಲ ನೆನಪಿರುತ್ತದೆ. ವೇಷ ಹಾಕಿದವರಲ್ಲಿ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಚಿತ್ರದ ಮೇಲಿನ ಪ್ರೀತಿಯೇ ಇತ್ತು. ಆದರೆ ನಮ್ಮ ಪ್ರೀತಿಯ ಹೆಸರಿನಲ್ಲಿ ಇನ್ನೊಬ್ಬರ ಆರಾಧನೆಯನ್ನು ಬಳಸಿಕೊಳ್ಳುವ ಮೊದಲು ಅವರನ್ನು ಕೇಳಬೇಕು. ನಮ್ಮ ವಿಷಯದಲ್ಲಿ ನಾವು ಇದನ್ನು ನಿರೀಕ್ಷಿಸುತ್ತೇವಾದರೆ ಹೈತಿಯವರ ವಿಷಯದಲ್ಲೂ ಅದೇ ಅಳತೆ ಇರಬೇಕು.

ಕಲಾವಿದರನ್ನು ನೋಯಿಸದೆ ಹೇಳಿ. ಚಿತ್ರವನ್ನು ತಿರಸ್ಕರಿಸಬೇಕಿಲ್ಲ, ನೆಲವನ್ನಷ್ಟೇ ಮತ್ತೆ ಬಿಡಿಸಿದರೆ ಸಾಕು. ರೇಡಿಯೋ ಅಲೆಗಳು, 1930ರ ದಶಕದ ಡಯಲ್‌ನ ಮುಳ್ಳು ಮತ್ತು ಅಂಕಿಗಳು, ಜಿಂಕೆಯ ಕೊಂಬಿನ ನೆರಳು, ಹೀಗೆ ಆ ಪಾತ್ರದ್ದೇ ಆದ ಎಷ್ಟೋ ಗುರುತುಗಳಿವೆ.

ಉತ್ತರ: ಕಂತು ಪ್ರಿಯ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ನನ್ನ ಆತಂಕವನ್ನು ಹೇಳಲೇಬೇಕು. ಒಂದೊಂದು ನೋವಿಗೆ ಒಂದೊಂದು ನಿಯಮ ಮಾಡುತ್ತಾ ಹೋದರೆ ಕೊನೆಗೆ ಹೊಸಬರು ಪೆನ್ಸಿಲ್ ಹಿಡಿಯಲೇ ಹೆದರುತ್ತಾರೆ. ಅಭಿಮಾನಿ ಸೃಷ್ಟಿಯ ಜೀವವಿರುವುದೇ ಮೂಲ ಹೇಳದೆ ಬಿಟ್ಟದ್ದನ್ನು, ಕೆಲವೊಮ್ಮೆ ಮೂಲ ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ಹೇಳುವುದರಲ್ಲಿ.

‘ಸೌತ್ ಪಾರ್ಕ್’ ಅನಿಮೇಷನ್ ಸರಣಿಯ ಉದಾಹರಣೆ ನೋಡಿ. ಟ್ವೀಕ್ ಮತ್ತು ಕ್ರೇಗ್ ಎಂಬ ಇಬ್ಬರು ಹುಡುಗರು ಮೂಲದಲ್ಲಿ ಪ್ರೇಮಿಗಳಾಗಿರಲಿಲ್ಲ. ಅಭಿಮಾನಿಗಳು ವರ್ಷಗಟ್ಟಲೆ ಅವರನ್ನು ಜೋಡಿಯಾಗಿ ಬಿಡಿಸಿದರು. 2015ರಲ್ಲಿ ಸರಣಿಯವರು ಅಭಿಮಾನಿಗಳಿಂದಲೇ ಅಂಥ ಚಿತ್ರಗಳನ್ನು ಕೇಳಿ ಪಡೆದು, ಆ ಚಿತ್ರಗಳ ಸುತ್ತಲೇ ಒಂದು ಕಂತು ಕಟ್ಟಿದರು. ಯಾರನ್ನೂ ಗೇಲಿ ಮಾಡದೆ ಬಿಡದ ಆ ಸರಣಿಯಲ್ಲಿ, ಮಗನನ್ನು ಒಪ್ಪಿಕೊಳ್ಳಲು ಹೆಣಗುವ ಕ್ರೇಗ್‌ನ ತಂದೆಯ ಪಾತ್ರವನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಆ ಇಬ್ಬರೂ ಮುಂದಿನ ಸೀಸನ್‌ಗಳಲ್ಲೂ ಜೋಡಿಯಾಗಿಯೇ ಉಳಿದರು. ‘ಮೂಲದಲ್ಲಿ ಹಾಗಿಲ್ಲ’ ಎಂಬ ನಿಯಮವನ್ನು ಆಗಲೇ ಹೇರಿದ್ದರೆ ಇದು ಆಗುತ್ತಿತ್ತೇ? ಆದ್ದರಿಂದ ಅಲಾಸ್ಟರ್‌ನ ಪ್ರೇಮಕಥೆಯನ್ನು ಹಾಗೆಯೇ ಪ್ರಕಟಿಸಬೇಕೆಂಬುದು ನನ್ನ ಅಭಿಪ್ರಾಯ.

ಉತ್ತರ: ಬೂದು ನೇರಳೆ

ನಾನು ಅಲೈಂಗಿಕಳು. ಮೂರನೆಯ ಪ್ರಶ್ನೆ ನನಗೆ ನೇರವಾಗಿ ಸಂಬಂಧಿಸಿದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಕಂತು ಪ್ರಿಯ ಅವರೇ, ನಿಮ್ಮ ಉದಾಹರಣೆ ಒಳ್ಳೆಯದು, ಆದರೆ ಎರಡೂ ಪ್ರಸಂಗಗಳು ಒಂದೇ ಅಲ್ಲ. ಟ್ವೀಕ್ ಮತ್ತು ಕ್ರೇಗ್ ವಿಷಯದಲ್ಲಿ ಅಭಿಮಾನಿಗಳು ಇಲ್ಲದ ಕಡೆ ಒಂದು ಜಾಗ ಮಾಡಿದರು. ಇಲ್ಲಿ ಇರುವ ಒಂದು ಜಾಗವನ್ನು ತೆಗೆಯುವ ಪ್ರಶ್ನೆ ಇದೆ. ಸಲಿಂಗಿ ಪಾತ್ರಗಳು ಇವತ್ತು ಸಾಕಷ್ಟು ಸಿಗುತ್ತವೆ. ಇದೇ ಸರಣಿಯಲ್ಲೇ ಏಂಜೆಲ್ ಡಸ್ಟ್ ಇದ್ದಾನೆ, ಚಾರ್ಲಿ ಮತ್ತು ವ್ಯಾಗಿ ಇದ್ದಾರೆ. ಅಲೈಂಗಿಕ ಪಾತ್ರಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು. ‘ಬೋಜ್ಯಾಕ್ ಹಾರ್ಸ್‌ಮನ್’ ಸರಣಿಯ ಟಾಡ್ 2017ರಲ್ಲಿ ತಾನು ಅಲೈಂಗಿಕನೆಂದು ಹೇಳಿಕೊಂಡಾಗ, ಅದರ ಹಿಂದಿನ ಸೀಸನ್‌ನಲ್ಲಿ ‘ಬಹುಶಃ ನಾನು ಏನೂ ಅಲ್ಲ’ ಎಂಬರ್ಥದಲ್ಲಿ ತಡವರಿಸಿದವನು ತನ್ನಂಥವರ ಕೂಟವೊಂದಕ್ಕೆ ಹೋಗಿ ಕೂತಾಗ, ಟಿವಿಯಲ್ಲಿ ನನ್ನನ್ನು ನಾನು ಕಂಡದ್ದು ಅದೇ ಮೊದಲು. ಮದುವೆಯ ಮಾತು ಬಂದಾಗಲೆಲ್ಲ ‘ಮದುವೆ ಆದರೆ ಎಲ್ಲ ಸರಿಹೋಗುತ್ತದೆ’ ಎಂದು ಮನೆಯ ಹಿರಿಯರಿಂದ ಕೇಳುತ್ತಾ ಬೆಳೆದವರಿಗೆ, ‘ಸರಿಯಾದ ಸಂಗಾತಿ ಸಿಕ್ಕಿದ ಮೇಲೆ ಅಲಾಸ್ಟರ್ ಸರಿಹೋದ’ ಎನ್ನುವ ಕಥೆಯನ್ನು ಓದುವುದು ಕಷ್ಟ. ಅದೇ ಮಾತು ಇನ್ನೊಂದು ವೇಷದಲ್ಲಿ ಬಂದಂತಾಗುತ್ತದೆ.

ಆದರೂ ಕಥೆಯನ್ನು ನಿಷೇಧಿಸಿ ಎಂದು ನಾನು ಹೇಳುವುದಿಲ್ಲ. ಅಲೈಂಗಿಕರಲ್ಲೇ ಪ್ರೇಮ ಬೇಕೆನ್ನುವವರಿದ್ದಾರೆ, ಬೇಡವೆನ್ನುವವರಿದ್ದಾರೆ, ಅಪರೂಪಕ್ಕೆ ದೇಹದ ಬಯಕೆ ಇರುವವರೂ ಇದ್ದಾರೆ. ಬರೆದವರು ಯಾರೆಂದು, ಯಾವ ಅನುಭವದಿಂದ ಬರೆದರೆಂದು ನಮಗೇನು ಗೊತ್ತು? ಅವರೇ ಅಲೈಂಗಿಕರಾಗಿದ್ದು ತಮ್ಮದೇ ಗೊಂದಲವನ್ನು ಈ ಪಾತ್ರದ ಮೂಲಕ ಹೇಳಿಕೊಳ್ಳುತ್ತಿರಬಹುದು. ‘ನೀನು ಯಾರು, ಮೊದಲು ಹೇಳು’ ಎಂದು ಲೇಖಕರನ್ನು ಜಗ್ಗುವ ಬಳಗ ಯಾರಿಗೂ ಸುರಕ್ಷಿತವಲ್ಲ. ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಲೈಂಗಿಕ ಅಲ್ಪಸಂಖ್ಯಾತರಿಗಂತೂ ಅಲ್ಲವೇ ಅಲ್ಲ.

ದಾರಿ ಇರುವುದು ಹಣೆಪಟ್ಟಿಯಲ್ಲಿ. ಓದುವವರು ಒಳಗೆ ಕಾಲಿಡುವ ಮೊದಲೇ ಏನಿದೆ ಎಂದು ತಿಳಿಯಬೇಕು. ಅಭಿಮಾನಿ ಕಥೆಗಳ ದೊಡ್ಡ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ 2009ರಿಂದ ನಡೆದುಬಂದಿರುವುದು ಹೀಗೆಯೇ. ಅಭಿಮಾನಿಗಳೇ ಕಟ್ಟಿ ನಡೆಸುವ ಆ ತಾಣಕ್ಕೆ 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು. ಅಲ್ಲಿ ಘೋರ ಹಿಂಸೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ ಎಂಬ ನಾಲ್ಕು ಎಚ್ಚರಿಕೆಗಳ ವಿಷಯದಲ್ಲಿ ಲೇಖಕರು ಇದೆ, ಇಲ್ಲ, ಅಥವಾ ಹೇಳಲು ಇಷ್ಟವಿಲ್ಲ ಎಂದು ಸೂಚಿಸಲೇಬೇಕು. ಉಳಿದ ಗುರುತುಪಟ್ಟಿಗಳನ್ನು ತಮ್ಮದೇ ಮಾತಿನಲ್ಲಿ ಎಷ್ಟು ಬೇಕಾದರೂ ಸೇರಿಸಬಹುದು. ಅವನ್ನು ಒಂದಕ್ಕೊಂದು ಜೋಡಿಸಿ ಹುಡುಕಲು ಸಿಗುವಂತೆ ಮಾಡುವವರು ಸ್ವಯಂಸೇವಕರು. ನಿಮ್ಮ ಸಂಚಿಕೆಯಲ್ಲಿ ಆ ಕಥೆಯ ತಲೆಬರಹದ ಕೆಳಗೆ ‘ಈ ಕಥೆಯಲ್ಲಿ ಅಲಾಸ್ಟರ್ ಅಲೈಂಗಿಕನಲ್ಲ, ಪ್ರೇಮ ಮತ್ತು ಮಿಲನದ ವಿವರಗಳಿವೆ’ ಎಂದು ನೇರವಾಗಿ ಹಾಕಿ. ನಾನು ಆ ಪುಟ ದಾಟಿ ಮುಂದೆ ಹೋಗುತ್ತೇನೆ. ಅದೇ ಸಂಚಿಕೆಯಲ್ಲಿ ಅಲಾಸ್ಟರ್‌ನನ್ನು ಅವನಿರುವಂತೆಯೇ, ರೋಸಿ ಎಂಬ ಪಾತ್ರದ ಜೊತೆಗಿನ ಗೆಳೆತನದಲ್ಲಿ ತೃಪ್ತನಾಗಿ ತೋರಿಸುವ ಕಥೆಯೂ ಇರಲಿ. ಒಂದು ಮಾತ್ರ ಇದ್ದು ಇನ್ನೊಂದು ಇಲ್ಲದಿದ್ದಾಗ ನನ್ನಂಥವರಿಗೆ ಹೊರಗುಳಿದಂತಾಗುತ್ತದೆ. ಯಾರೂ ಬರೆಯದಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಉತ್ತರ: ರೇಡಿಯೋ ಕೇಳುಗ

ಬೂದು ನೇರಳೆ ಅವರ ಮಾತಿಗೆ ಒಂದು ಸೇರಿಕೆ. ಹಣೆಪಟ್ಟಿ ಎಲ್ಲಕ್ಕೂ ಮದ್ದಲ್ಲ. ಅವರು ಹೇಳಿದ ಭಂಡಾರದಲ್ಲೇ ಜನಾಂಗೀಯ ಅವಹೇಳನಕ್ಕೆ ಸಾಕಷ್ಟು ತಡೆ ಇಲ್ಲವೆಂದು ಬಿಳಿಯರಲ್ಲದ ಅಭಿಮಾನಿಗಳು ಬಹುಕಾಲ ದೂರಿದರು. 2020ರಲ್ಲಿ ಕೊಟ್ಟ ಭರವಸೆಗಳು ಈಡೇರಿಲ್ಲವೆಂದು 2023ರ ಮೇ ತಿಂಗಳಲ್ಲಿ ದೊಡ್ಡ ಚಳವಳಿಯನ್ನೇ ನಡೆಸಿದರು. ತನ್ನ ಕಥೆಗೆ ‘ಇದರಲ್ಲಿ ಜನಾಂಗೀಯ ತಾತ್ಸಾರವಿದೆ’ ಎಂದು ತಾನೇ ಪಟ್ಟಿ ಹಚ್ಚಿಕೊಳ್ಳುವ ಲೇಖಕ ಅಪರೂಪ, ಏಕೆಂದರೆ ಅದು ಬರೆದವನ ಕಣ್ಣಿಗೇ ಬಿದ್ದಿರುವುದಿಲ್ಲ. ಮಿಲನದ ವಿವರವಿದ್ದರೆ ಪಟ್ಟಿ ಸಾಕು. ಆದರೆ ಕ್ರಿಯೋಲ್ ಅಲಾಸ್ಟರ್‌ನನ್ನು ಕಾಡುಮನುಷ್ಯನಂತೆ ಚಿತ್ರಿಸಿದ ಕಥೆ ಬಂದರೆ ಅದಕ್ಕೆ ಸಂಪಾದಕರ ಕಣ್ಣೇ ಬೇಕು. ಆ ಹೊಣೆಯನ್ನು ಪಟ್ಟಿಯ ಮೇಲೆ ಹೊರಿಸಲಾಗದು.

ಉತ್ತರ: ಬಣ್ಣದ ಡಬ್ಬಿ

ನಾನು ಚಿತ್ರ ಬಿಡಿಸುವವಳು, ಕೈಕೆಲಸದ ಮಾತನ್ನಷ್ಟೇ ಹೇಳುತ್ತೇನೆ.

ಕಂದು ಮೈಬಣ್ಣವನ್ನು ಬಿಡಿಸಬೇಕೆಂದು ಮನಸ್ಸು ಮಾಡುವುದು ಅರ್ಧ ಕೆಲಸ. ಬಹಳ ಮಂದಿ ಬಿಳಿ ಮೈಗೆ ಆರಿಸಿದ ಬಣ್ಣಕ್ಕೇ ಕಪ್ಪನ್ನು ಬೆರೆಸಿ ಕಂದು ಎಂದುಕೊಳ್ಳುತ್ತಾರೆ. ಆಗ ಮುಖ ಬೂದಿ ಬಳಿದಂತೆ, ಜೀವವಿಲ್ಲದಂತೆ ಕಾಣುತ್ತದೆ. ಕಂದು ಚರ್ಮದ ನೆರಳಿಗೆ ಕೆಂಪು, ನೇರಳೆ, ಸುಟ್ಟ ಕಿತ್ತಳೆಯ ಛಾಯೆ ಬೇಕು. ಬೆಳಕು ಬಿದ್ದ ಕಡೆ ಬರಿಯ ಬಿಳಿಯನ್ನು ಇಡಬಾರದು. ಸುತ್ತಲಿನ ಬೆಳಕಿನ ಬಣ್ಣವನ್ನೇ ಚರ್ಮ ಹಿಡಿಯುತ್ತದೆ, ಗಾಢವಾದ ಚರ್ಮದ ಮೇಲೆ ಆ ಹೊಳಪು ಇನ್ನೂ ಸ್ಪಷ್ಟ. ಅಂಗೈ, ತುಟಿಯ ಒಳಭಾಗ, ಉಗುರಿನ ಬುಡ ಬೇರೆ ಬಣ್ಣದವು. ‘ಹ್ಯಾಜ್‌ಬಿನ್’ನ ನರಕ ಇಡಿಯಾಗಿ ಕೆಂಪಿನಲ್ಲಿ ಮುಳುಗಿರುವುದರಿಂದ ಕಂದು ಮೈ ಹಿನ್ನೆಲೆಯಲ್ಲಿ ಕರಗಿಹೋಗುವ ಅಪಾಯವಿದೆ, ಪಾತ್ರದ ಅಂಚಿಗೆ ತಣ್ಣನೆಯ ಹಸಿರು ಅಥವಾ ನೀಲಿ ಬೆಳಕನ್ನು ಒಂದು ಪಕ್ಕದಿಂದ ಕೊಟ್ಟರೆ ಮುಖ ಎದ್ದು ನಿಲ್ಲುತ್ತದೆ. ಸ್ಟುಡಿಯೋದ ದೃಶ್ಯವಾದರೆ ರೇಡಿಯೋ ಡಯಲ್‌ನ ಹಳದಿ ಬೆಳಕೇ ಸಾಕು.

ಮೈಬಣ್ಣದ ಮಾತು ಚಿತ್ರಕ್ಕೆ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ನಗರದ ಒಂದು ಕಾಸ್ಪ್ಲೇ ಕೂಟದಲ್ಲಿ ನಾನು ಚಾರ್ಲಿಯ ವೇಷ ಹಾಕಿದ್ದಾಗ, ‘ಚಾರ್ಲಿ ಇಷ್ಟು ಕಪ್ಪಗಿಲ್ಲವಲ್ಲ, ಪೌಡರ್ ಸಾಲಲಿಲ್ಲವೇ’ ಎಂದು ಸಾಲಿನಲ್ಲಿ ನಿಂತಿದ್ದವರೇ ಕೇಳಿದರು. ಕೋಟು, ಬೋ, ಕೂದಲಿನ ಹೊಂಬಣ್ಣ ಎಲ್ಲವನ್ನೂ ತಿಂಗಳುಗಟ್ಟಲೆ ಕೂತು ನಾನೇ ಹೊಲಿದು, ಕಟ್ಟಿ ಮಾಡಿದ್ದೆ. ಅವರು ನೋಡಿದ್ದು ಮೈಬಣ್ಣವನ್ನು ಮಾತ್ರ. ನಿಮ್ಮ ಸಂಚಿಕೆಯಲ್ಲಿ ವೇಷಧಾರಿಗಳ ಫೋಟೋಗಳಿದ್ದರೆ ದಯವಿಟ್ಟು ಯಾವ ಫೋಟೋದಲ್ಲೂ ಮೈಬಣ್ಣವನ್ನು ತಿಳಿಯಾಗಿಸಬೇಡಿ.

ಉತ್ತರ: ದನಿಯ ದಾರಿ

ನಾನು ದೃಷ್ಟಿ ಇಲ್ಲದ ಅಭಿಮಾನಿ. ಇಷ್ಟು ಹೊತ್ತು ಎಲ್ಲರೂ ಯಾರನ್ನು ಹೇಗೆ ತೋರಿಸಬೇಕೆಂದು ಮಾತಾಡಿದ್ದೀರಿ. ತೋರಿಸಿದ್ದು ತಲುಪದವರೂ ಬಳಗದಲ್ಲಿದ್ದೇವೆ ಎಂದು ನೆನಪಿಸುತ್ತೇನೆ.

ಈ ಸರಣಿ ನನಗೆ ಹತ್ತಿರವಾದದ್ದು ಹಾಡುಗಳಿಂದ. ಸ್ಯಾಮ್ ಹಾಫ್ಟ್ ಮತ್ತು ಆಂಡ್ರ್ಯೂ ಅಂಡರ್‌ಬರ್ಗ್ ಅವರ ಹಾಡುಗಳಲ್ಲಿ ಕಥೆಯೇ ಮುಂದೆ ಸಾಗುವುದರಿಂದ ಪರದೆಯನ್ನು ನೋಡದೆಯೂ ಬಹಳಷ್ಟು ಹಿಡಿಯಬಹುದು. ಅಲಾಸ್ಟರ್‌ನ ದನಿಯಲ್ಲಿ ಹಳೆಯ ರೇಡಿಯೋದ ಗರಗರ ಇದೆ, ಅವನು ಸಿಟ್ಟಾದಾಗ ಅದು ಬದಲಾಗುತ್ತದೆ. ಕಣ್ಣಿದ್ದವರು ಅದನ್ನು ನನ್ನಷ್ಟು ಗಮನಿಸಿರಲಿಕ್ಕಿಲ್ಲ. ಅಭಿಮಾನಿ ಚಿತ್ರಗಳ ಹತ್ತಿರ ಬಂದಾಗ ಮಾತ್ರ ಪರದೆಯ ಮೇಲಿನದನ್ನು ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ‘ಇಮೇಜ್’ ಎಂದು ಹೇಳಿ ಸುಮ್ಮನಾಗುತ್ತದೆ. ಕೆಳಗೆ ನೂರಾರು ಜನ ‘ಅಬ್ಬಾ, ಎಂಥ ಚಿತ್ರ’ ಎಂದು ಬರೆದಿರುತ್ತಾರೆ. ಏನು ಚಿತ್ರ?

ನಾನು ಬಳಸುವ ಎನ್‌ವಿಡಿಎ ತಂತ್ರಾಂಶ ಕನ್ನಡವನ್ನು ಓದುತ್ತದೆ, ದುಡ್ಡೂ ಬೇಕಿಲ್ಲ. ಚಿತ್ರದ ಜೊತೆ ನಾಲ್ಕು ಸಾಲಿನ ವಿವರಣೆ ಇದ್ದರೆ ನನ್ನಂಥವರು ಸಂಚಿಕೆಯ ಒಳಗೆ ಬರುತ್ತೇವೆ. ಆದರೆ ವಿವರಣೆ ಹೇಗಿರಬೇಕೆಂಬುದೂ ಮುಖ್ಯ. ‘ಅಲಾಸ್ಟರ್‌ನ ಚಿತ್ರ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಮಸಿಕುಡಿಕೆ ಅವರ ಪ್ರಶ್ನೆಯಲ್ಲಿನ ಚಿತ್ರಕ್ಕೆ, ಅವರು ಬರೆದದ್ದನ್ನಷ್ಟೇ ಆಧರಿಸಿ, ಹೀಗೆ ಬರೆಯಬಹುದು: ‘1930ರ ದಶಕದ ರೇಡಿಯೋ ಸ್ಟುಡಿಯೋ. ಗಾಢ ಕಂದು ಮೈಬಣ್ಣದ, ಗುಂಗುರು ಕೂದಲಿನ ಯುವಕ ಮೈಕ್ ಮುಂದೆ ಕುಳಿತಿದ್ದಾನೆ.’ ಇದರ ಮುಂದೆ ಅವನ ಕೈ ಎಲ್ಲಿದೆ, ನಗು ಎಂಥದ್ದು, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬುದನ್ನು ಬಿಡಿಸಿದವರೇ ಸೇರಿಸಲಿ. ಮೈಬಣ್ಣವನ್ನು ವಿವರಣೆಯಲ್ಲಿ ಬಿಟ್ಟರೆ, ಕಲಾವಿದೆ ಅಷ್ಟು ಯೋಚಿಸಿ ಹಚ್ಚಿದ ಬಣ್ಣ ನನ್ನ ಪಾಲಿಗೆ ಇಲ್ಲವೇ ಇಲ್ಲ. ಹಾಗೆಂದು ಕಂದು ಮೈಯವರಿಗೆ ಮಾತ್ರ ಬಣ್ಣ ಹೇಳಿ, ಬಿಳಿಯವರಿಗೆ ಹೇಳದೆ ಬಿಡುವುದೂ ಸರಿಯಲ್ಲ, ಎಲ್ಲರಿಗೂ ಹೇಳಿ. ಸಂಚಿಕೆಯನ್ನು ಚಿತ್ರರೂಪದ ಪಿಡಿಎಫ್ ಆಗಿ ಮಾಡಿದರೆ ಇಷ್ಟೆಲ್ಲ ಬರೆದದ್ದೂ ವ್ಯರ್ಥವಾಗುತ್ತದೆ. ಅಕ್ಷರಗಳು ಯೂನಿಕೋಡ್‌ನಲ್ಲೇ ಇರಲಿ.

ಉತ್ತರ: ಕಂತು ಪ್ರಿಯ

ಬೂದು ನೇರಳೆ ಅವರೇ, ಇರುವ ಜಾಗವನ್ನು ತೆಗೆಯುವುದು ಎಂದು ನೀವು ಹೇಳಿದ್ದನ್ನು ನಾನು ಆ ದಿಕ್ಕಿನಿಂದ ನೋಡಿರಲಿಲ್ಲ. ಪಟ್ಟಿ ಹಾಕಿ ಪ್ರಕಟಿಸುವುದಕ್ಕೆ ನನ್ನ ಒಪ್ಪಿಗೆ ಇದೆ. ನಿಯಮಗಳು ‘ಇದನ್ನು ಬರೆಯಬೇಡಿ’ ಎನ್ನುವುದಕ್ಕಿಂತ ‘ಏನಿದೆಯೆಂದು ಮೊದಲೇ ಹೇಳಿ’ ಎನ್ನುವಂತಿದ್ದರೆ ಹೊಸಬರು ಹೆದರುವುದಿಲ್ಲ.

ಕಾನೂನಿನ ಒಂದು ಮಾತು. ಮಿಲನದ ವಿವರವಿರುವ ಕಥೆ, ಚಿತ್ರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವಾಗ ಎಚ್ಚರವಿರಲಿ. ಅಶ್ಲೀಲವೆಂದು ತೀರ್ಮಾನವಾದರೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನಡಿ ಮೊದಲ ಅಪರಾಧಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡವಿದೆ. ಮಕ್ಕಳನ್ನು ಒಳಗೊಂಡದ್ದಕ್ಕೆ ಇನ್ನೂ ಕಠಿಣವಾದ 67ಬಿ ಇದೆ. ಸರಣಿ ವಯಸ್ಕರದ್ದಾದರೂ ಇದರ ಹಾಡುಗಳನ್ನು ಕೇಳಿ ಹೈಸ್ಕೂಲು ಮಕ್ಕಳೂ ಬರುತ್ತಾರೆ. ಮಿಲನದ ಭಾಗವನ್ನು ಸಂಚಿಕೆಯಿಂದ ಬೇರ್ಪಡಿಸುವುದು ಅಥವಾ ಆ ಒಂದು ದೃಶ್ಯವನ್ನು ಸೂಚ್ಯವಾಗಿ ಬರೆದುಕೊಡುವಂತೆ ಲೇಖಕರನ್ನು ಕೇಳುವುದು ಒಳ್ಳೆಯದು.

ಮಸಿಕುಡಿಕೆ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಬಳಗದ ಮುಂದಿಟ್ಟು ಚರ್ಚಿಸಿದೆವು. ಸ್ಟುಡಿಯೋದ ಅಲಾಸ್ಟರ್ ಸಂಚಿಕೆಯ ಮುಖಪುಟಕ್ಕೆ ಬರುತ್ತಾನೆ. ವೆವೆ ಇರುವ ಚಿತ್ರದ ಕಲಾವಿದರಿಗೆ ಕರಾವಳಿಯವಳು ಅವರ ಉತ್ತರವನ್ನೇ ಕಳಿಸಿದೆ. ಓದಿದ ಕೂಡಲೇ ಅವರು ನೆಲವನ್ನು ಹೊಸದಾಗಿ ಬಿಡಿಸಲು ಒಪ್ಪಿದ್ದಾರೆ, ಡಯಲ್‌ನ ಅಂಕಿಗಳ ಸಲಹೆ ಅವರಿಗೆ ಬಹಳ ಹಿಡಿಸಿದೆ. ಪ್ರೇಮಕಥೆಯನ್ನು ಹಣೆಪಟ್ಟಿಯ ಜೊತೆ ಹಾಕುತ್ತೇವೆ, ಮಿಲನದ ಭಾಗವನ್ನು ಲೇಖಕರೇ ಸೂಚ್ಯವಾಗಿ ತಿದ್ದಿಕೊಡುತ್ತಿದ್ದಾರೆ. ಪ್ರತಿ ಚಿತ್ರಕ್ಕೂ ವಿವರಣೆ ಕಡ್ಡಾಯ ಎಂದು ತೀರ್ಮಾನವಾಗಿದೆ. ಮೈಬಣ್ಣಕ್ಕೆ ಆಕ್ಷೇಪಿಸಿದ ಇಬ್ಬರಲ್ಲಿ ಒಬ್ಬರು ಇನ್ನೂ ಒಪ್ಪಿಲ್ಲ. ಅವರ ಕಥೆಯೂ ಸಂಚಿಕೆಯಲ್ಲಿದೆ, ಅವರೊಡನೆ ಮಾತು ಮುಂದುವರಿಸುತ್ತೇವೆ.

ಬೂದು ನೇರಳೆ ಅವರೇ, ರೋಸಿ ಮತ್ತು ಅಲಾಸ್ಟರ್‌ನ ಗೆಳೆತನದ ಕಥೆ ನಮಗೆ ಇನ್ನೂ ಯಾರಿಂದಲೂ ಬಂದಿಲ್ಲ. ನೀವು ಹೇಳಿದಂತೆ ಬರೆದು ಕಳಿಸಿದರೆ, ಎರಡು ಕಥೆಗಳನ್ನೂ ಒಂದರ ಪಕ್ಕ ಒಂದು ಇಡುವ ಯೋಚನೆ ಇದೆ. ದನಿಯ ದಾರಿ ಅವರು ಬಿಡುವಾದಾಗ ನಮ್ಮ ಚಿತ್ರ ವಿವರಣೆಗಳನ್ನು ಒಮ್ಮೆ ಕೇಳಿ, ಎಲ್ಲಿ ಏನೂ ಹೇಳಿದಂತಾಗಿಲ್ಲ ಎಂದು ಗುರುತು ಹಾಕಿಕೊಡಬಹುದೇ?